ಮಡಚಿಟ್ಟ ನೀಲಿ

ನೀಲಕಂಠ ಅಂತ ಹೆಸರು ಕೇಳಿದವರು ಅದರ ಕಂಠ ನೀಲಿ ಇರಬೇಕು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಕಂಠ, ಎದೆ ಎರಡೂ ನಸುಗಂದು. ಹತ್ತಿರದಿಂದ ನೋಡಿದರೆ ಅದರೊಳಗೆ ಸ್ವಲ್ಪ ನೇರಳೆ, ಮೇಲೆ ಸಣ್ಣ ಬಿಳಿ ಗೀರುಗಳು. ಕರೆಂಟ್ ವೈರಿನ ಮೇಲೆ ರೆಕ್ಕೆ ಮಡಚಿ ಕೂತಾಗ ದೂರಕ್ಕೆ ಒಂದು ಮಣ್ಣಿನ ಹೆಂಟೆ ಇಟ್ಟಂತೆ ಕಾಣುತ್ತದೆ. ಇದೇ ನಮ್ಮ ಕರ್ನಾಟಕದ ರಾಜ್ಯಪಕ್ಷಿ ಅಂದರೆ ಅಂಗಡಿಗೆ ಬರುವ ಎಷ್ಟೋ ಜನ ‘ಹೌದಾ?’ ಅಂತ ಕೇಳಿದ್ದಾರೆ.

ಆಮೇಲೆ ಅದು ವೈರು ಬಿಟ್ಟು ನೆಲದ ಕಡೆ ಜಾರುತ್ತದೆ. ರೆಕ್ಕೆ ಬಿಚ್ಚುತ್ತದೆ. ಕಡು ನೀಲಿ, ಅದರ ಪಕ್ಕ ತಿಳಿ ನೀಲಿ, ಮತ್ತೆ ಕಡು ನೀಲಿ. ಒಂದೆರಡು ಸೆಕೆಂಡ್ ಅಷ್ಟೇ. ಮಿಡತೆ ಕಚ್ಚಿಕೊಂಡು ವಾಪಸ್ ಬಂದು ಕೂತರೆ ಮತ್ತೆ ಅದೇ ಹೆಂಟೆ.

ನಮ್ಮದು ಗುಳೇದಗುಡ್ಡ. ಅಪ್ಪ ಕುಣಿ ಮಗ್ಗದಲ್ಲಿ ಖಣ, ಅಂದರೆ ರವಿಕೆ ಬಟ್ಟೆ, ನೇಯುತ್ತಿದ್ದರು. ನಾನು ಪೇಟೆಯಲ್ಲಿ ಖಣ ಮತ್ತು ಇಳಕಲ್ ಸೀರೆಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಕಪಾಟಿನಲ್ಲಿ ಮಡಚಿಟ್ಟ ಇಳಕಲ್ ಸೀರೆಯಲ್ಲಿ ಮೈಬಣ್ಣ ಮಾತ್ರ ಕಾಣುತ್ತದೆ. ಚಂದ್ರಕಾಳಿಯಾದರೆ ಬರೀ ಕಪ್ಪು. ಗಿರಾಕಿ ಮುಂದೆ ಹಾಸಿ ಸೆರಗು ಬಿಚ್ಚಿದಾಗ ಕೆಂಪು ರೇಷ್ಮೆಯ ಮೇಲೆ ಬಿಳಿ ತೋಪುತೆನೆ ವಿನ್ಯಾಸ ಎದ್ದು ಬರುತ್ತದೆ. ನೀಲಕಂಠವನ್ನು ನೋಡಿದಾಗೆಲ್ಲ ನನಗೆ ಅದೇ ನೆನಪಾಗುತ್ತದೆ. ಬಣ್ಣ ಇರುವುದು ಸೆರಗಿನಲ್ಲಿ. ಆ ಸೆರಗು ಬಿಚ್ಚಿದ ಒಂದು ಫೋಟೊ ಬೇಕು ಅಂತ ಎರಡು ಚಳಿಗಾಲ ಓಡಾಡಿದೆ. ಅದು ಹೇಗೆ ಸಿಕ್ಕಿತು ಅನ್ನುವುದನ್ನು ಬರೆಯಬೇಕು ಅನಿಸಿತು.

ಮೊದಲು ಲೆನ್ಸಿನ ವಿಷಯ. ನನ್ನ ಹತ್ತಿರ ಇರುವುದು ನಿಕಾನ್ 200-500 ಮಿ.ಮೀ. ಟೆಲಿಫೋಟೊ, ಎಫ್/5.6. ಸೆಕೆಂಡ್ ಹ್ಯಾಂಡ್ ತಗೊಂಡೆ, 65,000 ರೂಪಾಯಿ ಕೊಟ್ಟೆ. ಎರಡು ದೀಪಾವಳಿ ಸೀಸನ್‌ನ ಉಳಿತಾಯ ಅದಕ್ಕೇ ಹೋಯಿತು. ಲೆನ್ಸೇ 2.3 ಕೆಜಿ. ಡಿ7500 ಕ್ಯಾಮೆರಾ ಸೇರಿದರೆ ಮೂರು ಕೆಜಿ. ಹಿಡಿದು ಹತ್ತು ನಿಮಿಷ ನಿಂತರೆ ಎಡ ಮುಂಗೈ ನಡುಗಲು ಶುರುವಾಗುತ್ತದೆ.

ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ದೂರದ್ದು ಕಾಣಸ್ತೈತ್ರಿ?’ ನಾನು ಬೇರೆ ಲೆಕ್ಕ ಹೇಳುತ್ತೇನೆ. ನನ್ನ ಕ್ಯಾಮೆರಾದಲ್ಲಿ 500 ಮಿ.ಮೀ.ಗೆ ಇಟ್ಟು 10 ಮೀಟರ್ ದೂರಕ್ಕೆ ಗುರಿ ಮಾಡಿದರೆ, ಚೌಕಟ್ಟಿನೊಳಗೆ ಸಿಗುವ ಅಗಲ 47 ಸೆಂಟಿಮೀಟರ್. ಅಂದರೆ ಸುಮಾರು ಒಂದು ಮೊಳ. ನಾನು ದಿನವೂ ಮೊಳ ಹಾಕುವವನು, ಹಾಗಾಗಿ ಇದು ನನಗೆ ಥಟ್ಟನೆ ಅರ್ಥವಾಯಿತು. ಅಷ್ಟಗಲ ಬಿಟ್ಟು ಉಳಿದ ಲೋಕವೆಲ್ಲ ಕಣ್ಣಿಂದ ಹೋಗುತ್ತದೆ. ಒಂದು ಮೊಳದ ಕಿಂಡಿಯಲ್ಲಿ ಹಾರುವ ಹಕ್ಕಿಯನ್ನು ಹಿಡಿಯಬೇಕು. ಮೊದಲ ಒಂದು ತಿಂಗಳು ನನಗೆ ಸಿಕ್ಕಿದ್ದು ಬರೀ ಎಲೆ, ಆಕಾಶ, ಖಾಲಿ ವೈರು. ಆಮೇಲೆ ರೂಢಿಯಾಯಿತು. 200ಕ್ಕೆ ಇಟ್ಟು ಹಕ್ಕಿಯನ್ನು ಹುಡುಕುವುದು, ಫೋಕಸ್ ಕೂತ ಮೇಲೆ ಕೈಯಲ್ಲಿ ರಿಂಗ್ ತಿರುಗಿಸಿ 500ಕ್ಕೆ ಹೋಗುವುದು. ಎರಡೂ ಕಣ್ಣು ತೆರೆದಿಟ್ಟು ನೋಡುವುದು. ಒಂದು ಕಣ್ಣು ಹಕ್ಕಿಯ ಮೇಲೆ, ಇನ್ನೊಂದು ಹೊಲದ ಮೇಲೆ.

ಇನ್ನೊಂದು ತೊಂದರೆ ತಡವಾಗಿ ಗೊತ್ತಾಯಿತು. ಫೋಟೊಗಳಲ್ಲಿ ಹಕ್ಕಿಯ ಕಣ್ಣು ಮಸುಕು, ಬಾಲ ಮಾತ್ರ ಚೂಪಾಗಿ ಬರುತ್ತಿತ್ತು. ನನ್ನ ಕೈಯೇ ಅಲುಗುತ್ತಿದೆ ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ಅಂಗಡಿಯಿಂದ ಒಂದು ಖಣ ತಂದು, ಅಂಗಳದಲ್ಲಿ ಮಂಚವನ್ನು ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಬಿಗಿಯಾಗಿ ಎಳೆದು ಕಟ್ಟಿದೆ. ಖಣದಲ್ಲಿ ಸಾಲುಸಾಲಾಗಿ ಸಣ್ಣ ಚಿಕ್ಕಿಗಳಿರುತ್ತವಲ್ಲ, ಅವೇ ಅಳತೆಪಟ್ಟಿ. 5 ಮೀಟರ್ ದೂರದಲ್ಲಿ ಟ್ರೈಪಾಡ್ ಇಟ್ಟು, ನಡುವಿನ ಒಂದು ಚಿಕ್ಕಿಗೆ ಫೋಕಸ್ ಮಾಡಿ ತೆಗೆದೆ. ಅಷ್ಟು ದೂರಕ್ಕೆ ಈ ಲೆನ್ಸಿನಲ್ಲಿ ಸ್ಪಷ್ಟವಾಗಿ ಬರುವ ಆಳ 2 ಸೆಂಟಿಮೀಟರ್ ಚಿಲ್ಲರೆ, ಹೆಬ್ಬೆರಳಿನ ಅಗಲದಷ್ಟು. ಫೋಟೊ ದೊಡ್ಡದು ಮಾಡಿ ನೋಡಿದರೆ ಚೂಪಾಗಿ ಬಂದಿದ್ದು ನಾನು ಗುರಿ ಇಟ್ಟ ಚಿಕ್ಕಿಯಲ್ಲ, ಅದರ ಹಿಂದಿನ ಮೂರನೇ ಸಾಲಿನದು. ಫೋಕಸ್ ಹಿಂದಕ್ಕೆ ಬೀಳುತ್ತಿತ್ತು. ಕ್ಯಾಮೆರಾದ ಮೆನುವಿನಲ್ಲಿ ಫೋಕಸ್ ಫೈನ್‌ಟ್ಯೂನ್ ಅಂತ ಇದೆ. ಮೈನಸ್ ಕಡೆಗೆ ಒಂದೊಂದೇ ಅಂಕಿ ಇಳಿಸುತ್ತ ಹೋದೆ. ಸಂಜೆಯ ಹೊತ್ತಿಗೆ ಗುರಿಯಿಟ್ಟ ಚಿಕ್ಕಿಯ ಎಳೆ ಎಳೆಯೂ ಎಣಿಸುವಂತೆ ಬಂತು. ಹಾಸು (ಉದ್ದ ಎಳೆ) ಬೇರೆ, ಹೊಕ್ಕು (ಅಡ್ಡ ಎಳೆ) ಬೇರೆ ಕಾಣುತ್ತಿತ್ತು. ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೊಂಡವರು ದಯವಿಟ್ಟು ಮೊದಲ ವಾರವೇ ಇದನ್ನು ಮಾಡಿ. ನಾನು ಮೂರು ತಿಂಗಳು ಕಳೆದೆ.

ಮೊದಲ ಚಳಿಗಾಲ ನನ್ನ ದಾರಿ ಕಮತಗಿ ದಾಟಿ ಅಮೀನಗಡದ ಕಡೆ. ಎರೆ ಹೊಲ, ಹಿಂಗಾರಿ ಜೋಳ, ಕಡಲೆ. ವೈರಿನ ಮೇಲೆ ಕಾಜಾಣ, ಕಳ್ಳಿಪೀರ, ನೀಲಕಂಠ. ಅಂಗಡಿ ಹತ್ತೂವರೆಗೆ ತೆಗೆಯಬೇಕು, ಹಾಗಾಗಿ ಬೆಳಗಿನ ಜಾವ ಬೈಕ್ ಹತ್ತುತ್ತಿದ್ದೆ.

ನೀಲಕಂಠ ಕಂಡ ತಕ್ಷಣ ಬೈಕ್ ನಿಲ್ಲಿಸುತ್ತಿದ್ದೆ. ಚೀಲದಿಂದ ಲೆನ್ಸ್ ತೆಗೆಯುವಷ್ಟರಲ್ಲಿ ಅದು ಎರಡು ಕಂಬ ಆಚೆ. ಅಲ್ಲಿಗೆ ಹೋದರೆ ಮತ್ತೆ ಎರಡು ಕಂಬ. ಹೀಗೆ ಒಂದೇ ಹಕ್ಕಿಯನ್ನು ಅರ್ಧ ಕಿಲೋಮೀಟರ್ ಅಟ್ಟಿದ ದಿನಗಳಿವೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಎಲ್ಲದರಲ್ಲೂ ಬೆನ್ನು ಮತ್ತು ಬಾಲ. ಯೋಚಿಸಿದರೆ ಸರಳ. ಹೆದರಿದ ಹಕ್ಕಿ ನಮ್ಮಿಂದ ದೂರ ಹಾರುತ್ತದೆ, ನಮ್ಮ ಕಡೆಗೆ ಹಾರುವುದಿಲ್ಲ. ನಾನು ಎಬ್ಬಿಸಿದ ಹಕ್ಕಿಯ ಮುಖ ನನಗೆ ಎಂದೂ ಸಿಗುವುದಿಲ್ಲ. ಬೇಟೆಗೆ ತಾನಾಗಿ ಇಳಿಯುವ ಹಕ್ಕಿ ಮಾತ್ರ ಎಡಕ್ಕೋ ಬಲಕ್ಕೋ ನಮ್ಮ ಕಡೆಗೋ ಬರುತ್ತದೆ.

ಅದಾದ ಮೇಲೆ ಹಕ್ಕಿಯ ಮೈಯನ್ನು ಓದುವುದು ಕಲಿತೆ. ಆರಾಮಾಗಿರುವ ನೀಲಕಂಠ ಗರಿ ಉಬ್ಬಿಸಿ ಕೂರುತ್ತದೆ, ಗರಿ ತೀಡಿಕೊಳ್ಳುತ್ತದೆ, ಕುತ್ತಿಗೆ ಒಳಗೆಳೆದುಕೊಂಡಿರುತ್ತದೆ, ನೆಲವನ್ನು ನೋಡುತ್ತದೆ. ನಾವು ಜಾಸ್ತಿ ಹತ್ತಿರ ಬಂದೆವು ಅಂದರೆ ಗರಿ ಮೈಗೆ ಅಂಟುತ್ತದೆ, ಕುತ್ತಿಗೆ ಉದ್ದವಾಗುತ್ತದೆ, ನೋಟ ನೆಲ ಬಿಟ್ಟು ನಮ್ಮ ಮೇಲೆ ನಿಲ್ಲುತ್ತದೆ. ಕುತ್ತಿಗೆ ಎದ್ದ ಕ್ಷಣ ನಿಂತುಬಿಡಬೇಕು. ಆಗದಿದ್ದರೆ ಎರಡು ಹೆಜ್ಜೆ ಹಿಂದೆ ಬರಬೇಕು. ಉದ್ದನೆಯ ಲೆನ್ಸ್ ಇರುವುದೇ ಈ ಎರಡು ಹೆಜ್ಜೆ ಹಿಂದೆ ಬರುವುದಕ್ಕೆ ಅಂತ ಈಗ ನನಗೆ ಅನಿಸುತ್ತದೆ.

ಇಷ್ಟಾದರೂ ನೀಲಿ ಸಿಗಲಿಲ್ಲ. ಹಕ್ಕಿ ಬೇಟೆಗೆ ಇಳಿಯುತ್ತಿತ್ತು, ರೆಕ್ಕೆ ಬಿಚ್ಚುತ್ತಿತ್ತು, ನಾನು ರಸ್ತೆಯಲ್ಲಿ ನಿಂತು ತೆಗೆಯುತ್ತಿದ್ದೆ. ಫೋಟೊದಲ್ಲಿ ಬಿಳಿ ಆಕಾಶ, ಅದರ ಮೇಲೆ ಕಪ್ಪು ಹಕ್ಕಿ. ಕಂಪ್ಯೂಟರಿನಲ್ಲಿ ಬೆಳಕು ಎಷ್ಟು ಏರಿಸಿದರೂ ಬೂದು ಬಣ್ಣ ಬರುತ್ತಿತ್ತೇ ಹೊರತು ನೀಲಿ ಬರುತ್ತಿರಲಿಲ್ಲ.

ಕಾರಣ ಒಂದು ಗರಿಯಿಂದ ಗೊತ್ತಾಯಿತು. ಮಲಪ್ರಭೆಯ ದಂಡೆಯ ಕಡೆ ಒಂದು ಜಾಲಿ ಮರದ ಬುಡದಲ್ಲಿ ನೀಲಕಂಠದ ರೆಕ್ಕೆಗರಿ ಬಿದ್ದಿತ್ತು. ನೆಲದ ಮೇಲೆ, ಎರೆಮಣ್ಣಿನ ಮೇಲೆ ಇದ್ದಾಗ ಎಂಥ ನೀಲಿ! ಕೈಗೆ ತಗೊಂಡು ಸೂರ್ಯನಿಗೆ ಅಡ್ಡ ಹಿಡಿದೆ. ನೀಲಿ ಹೋಯಿತು. ಒಣಗಿದ ಎಲೆಯಂಥ ಕಂದು. ಮತ್ತೆ ಕೆಳಗಿಟ್ಟೆ, ನೀಲಿ. ಹೀಗೆ ಐದಾರು ಸಲ ಮಾಡಿದೆ. ಆಮೇಲೆ ಓದಿ ತಿಳಿದುಕೊಂಡೆ. ಈ ನೀಲಿಗೆ ಬಣ್ಣದ ಪುಡಿಯೇ ಇಲ್ಲ. ಗರಿಯ ಎಳೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ, ಸ್ಪಂಜಿನ ಹಾಗೆ. ಬೆಳಕು ಬಿದ್ದಾಗ ಅವು ನೀಲಿಯನ್ನು ಮಾತ್ರ ನಮ್ಮ ಕಡೆ ಚದುರಿಸುತ್ತವೆ. ಅದರ ಕೆಳಗಿರುವ ಕಪ್ಪು-ಕಂದು ಪದರ ಉಳಿದ ಬೆಳಕನ್ನು ಹೀರುತ್ತದೆ. ಆ ಗರಿಯನ್ನು ನುಣ್ಣಗೆ ಅರೆದರೆ ನೀಲಿ ಪುಡಿ ಸಿಗುವುದಿಲ್ಲ, ಕಂದು ಪುಡಿ ಸಿಗುತ್ತದೆ. ಮಿಂಚುಳ್ಳಿಯ ನೀಲಿಯೂ ಇದೇ ಥರ. ಸೂರಕ್ಕಿಯ ಹೊಳಪೂ ಗರಿಯ ರಚನೆಯದೇ, ಆದರೆ ಅದು ಕೋನ ಬದಲಾದಂತೆ ಬಣ್ಣ ಬದಲಿಸುತ್ತದೆ. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣ ಹಾಕಿ ನೇಯ್ದ ರೇಷ್ಮೆ ಕೈಯಲ್ಲಿ ಆಡಿಸಿದರೆ ಎರಡು ಥರ ಕಾಣುತ್ತದಲ್ಲ, ನನಗೆ ಅದರ ನೆನಪಾಗುತ್ತದೆ.

ರಾಜಹಂಸದ ಗುಲಾಬಿ ಬೇರೆ. ಅದು ತಿನ್ನುವ ಪಾಚಿ, ಸಣ್ಣ ಸಿಗಡಿಯಂಥ ಜೀವಿಗಳಿಂದ ಬರುವ ಬಣ್ಣ, ಅದು ನಿಜವಾಗಿ ಗರಿಯೊಳಗೆ ಇಳಿದಿರುತ್ತದೆ. ಮರಿಗಳು ಬೂದು. ತಿಂದು ತಿಂದು ಗುಲಾಬಿ ಆಗುತ್ತವೆ. ನೂಲಿಗೆ ಬಣ್ಣ ಹಾಕಿದ ಹಾಗೆ.

ಆ ಗರಿಯನ್ನು ಅಲ್ಲೇ ಬಿಟ್ಟು ಬಂದೆ. ಆದರೆ ಅದರಿಂದ ಒಂದು ವಿಷಯ ಖಾತ್ರಿಯಾಯಿತು. ಸೂರ್ಯ ನನ್ನ ಬೆನ್ನ ಹಿಂದೆ ಇರಬೇಕು. ಹಕ್ಕಿಯ ಹಿಂದೆ ಆಕಾಶ ಇರಬಾರದು, ನೆಲ ಇರಬೇಕು. ಅಂದರೆ ನಾನು ಹಕ್ಕಿಗಿಂತ ಎತ್ತರದಲ್ಲಿರಬೇಕು. ಬಯಲುಸೀಮೆಯ ಎರೆ ಹೊಲದಲ್ಲಿ ಎತ್ತರ ಎಲ್ಲಿಂದ ತರಲಿ?

ಈ ನಡುವೆ ಹೆರಕಲ್‌ನ ವಿಷಯ ಹೇಳಲೇಬೇಕು. ಅದು ನನಗೆ ಖುಷಿ ಕೊಟ್ಟ ನೆನಪಲ್ಲ.

ಆಲಮಟ್ಟಿಯ ಹಿನ್ನೀರು ಮಳೆಗಾಲದಲ್ಲಿ ತುಂಬಿ ನಿಲ್ಲುತ್ತದೆ. ಚಳಿಗಾಲ ಕಳೆಯುತ್ತ ಇಳಿಯುತ್ತದೆ. ಬೀಳಗಿ ತಾಲೂಕಿನ ಹೆರಕಲ್ ಕಡೆ, ನೀರು ಇಳಿದು ತೆಳ್ಳಗಾದ ಜಾಗಕ್ಕೆ ರಾಜಹಂಸಗಳು ಬರುತ್ತವೆ. ಫೆಬ್ರವರಿಯ ಒಂದು ಭಾನುವಾರ ಹೋಗಿದ್ದೆ. ತಲುಪಿದ್ದು ತಡವಾಗಿ, ಬಿಸಿಲು ಏರಿತ್ತು. ಹಿಂಡು ಸುಮಾರು 300 ಮೀಟರ್ ಆಚೆ. ತಲೆ ಕೆಳಗೆ ಮಾಡಿ, ಕೊಕ್ಕನ್ನು ಬೋರಲಾಗಿ ನೀರಿಗೆ ಹಾಕಿ ಮೇಯುತ್ತಿದ್ದವು. ಅಷ್ಟು ದೂರದಲ್ಲಿ ನಿಂತ ಇಡೀ ರಾಜಹಂಸ ನನ್ನ ಚೌಕಟ್ಟಿನ ಎತ್ತರದಲ್ಲಿ ಏಳನೇ ಒಂದು ಭಾಗ ಮಾತ್ರ ಬರುತ್ತದೆ. ಅದೂ ಕುದಿಯುವ ನೀರಿನಲ್ಲಿ ನೋಡಿದ ಹಾಗೆ ನಡುಗುತ್ತಿತ್ತು. ಕಾದ ಗಾಳಿ ನೆಲದಿಂದ ಮೇಲೇಳುತ್ತದಲ್ಲ, ಅದರ ಪದರಗಳ ಮೂಲಕ ಬರುವ ಬೆಳಕು ಬಾಗುತ್ತದೆ. ಎಷ್ಟೇ ಬೆಲೆಯ ಲೆನ್ಸ್ ಇರಲಿ, ಟ್ರೈಪಾಡ್ ಇರಲಿ, ಇದಕ್ಕೆ ಔಷಧ ಇಲ್ಲ. ಲೆನ್ಸ್ ಹಕ್ಕಿಯನ್ನು ದೊಡ್ಡದು ಮಾಡಿದಂತೆ ನಡುವಿನ ಗಾಳಿಯನ್ನೂ ದೊಡ್ಡದು ಮಾಡುತ್ತದೆ.

ಹತ್ತಿರ ಹೋದರೆ ಸರಿಯಾಗುತ್ತದೆ ಅಂತ ಕೆಸರಿಗೆ ಇಳಿದೆ. ಮೊಣಕಾಲವರೆಗೆ ಹೂಳು. ಅರ್ಧ ದೂರ ಹೋದಾಗ ಒಂದು ಹಕ್ಕಿ ತಲೆ ಎತ್ತಿತು. ಆಮೇಲೆ ಹತ್ತು. ಆಮೇಲೆ ಎಲ್ಲವೂ. ಮೇಯುವುದು ನಿಂತಿತು. ಎಲ್ಲ ಒಂದೇ ದಿಕ್ಕಿಗೆ ನಡೆಯತೊಡಗಿದವು. ಅಲ್ಲೇ ನಾನು ನಿಲ್ಲಬೇಕಿತ್ತು. ಇನ್ನೂ ನಾಲ್ಕು ಹೆಜ್ಜೆ ಇಟ್ಟೆ. ನೀರಿನ ಮೇಲೆ ಓಡುತ್ತ ಓಡುತ್ತ ರೆಕ್ಕೆ ಬಿಚ್ಚಿದವು. ಕೂತಾಗ ಬೆಳ್ಳಗೆ ಕಾಣುವ ಹಕ್ಕಿ, ರೆಕ್ಕೆ ಬಿಚ್ಚಿದಾಗ ಒಳಗೆ ಕೆಂಡದಂಥ ಬಣ್ಣ, ಅಂಚಿಗೆ ಕಪ್ಪು. ಇದೂ ಮಡಚಿಟ್ಟ ಬಣ್ಣವೇ. ನಾನು ಬಟನ್ ಒತ್ತುತ್ತಲೇ ಇದ್ದೆ. ನೂರಾರು ಫೋಟೊ. ಎಲ್ಲದರಲ್ಲೂ ಬೆನ್ನು.

ವಾಪಸ್ ದಂಡೆಗೆ ಬರುವಾಗ ಬಲೆ ತೆಗೆಯುತ್ತಿದ್ದ ಒಬ್ಬರು ತೆಪ್ಪದಿಂದಲೇ ನನ್ನನ್ನು ನೋಡಿದರು. ಬೈಯಲಿಲ್ಲ. ‘ಮುಂಜಾನಿಂದ ಮೇಯಾಕತ್ತಿದ್ವು. ಎಬ್ಬಿಸಿಬಿಟ್ರಿ’ ಅಂದರು. ಮತ್ತೆ ಬಲೆಗೆ ಕೈ ಹಾಕಿದರು.

ಆ ಫೋಟೊಗಳಲ್ಲಿ ಒಂದನ್ನೂ ಯಾರಿಗೂ ತೋರಿಸಿಲ್ಲ. ಸಾವಿರಾರು ಸಲ ರೆಕ್ಕೆ ಬಡಿದು ಬಂದ ಹಕ್ಕಿಗಳು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದವು, ನಾನು ಊಟದಿಂದ ಎಬ್ಬಿಸಿದೆ. ಅವತ್ತಿನಿಂದ ಹಕ್ಕಿ ತಲೆ ಎತ್ತಿದರೆ ನಾನು ಕೂತುಬಿಡುತ್ತೇನೆ, ಎಲ್ಲಿದ್ದೇನೋ ಅಲ್ಲೇ. ಗೂಡಿನ ಹತ್ತಿರ ಹೋಗುವುದಿಲ್ಲ. ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದಿಲ್ಲ. ಹಾಗೆ ಮಾಡಿ ತೆಗೆದ ಫೋಟೊ ಎಷ್ಟೇ ಚೆನ್ನಾಗಿದ್ದರೂ ನನಗೆ ಬೇಡ.

ಎರಡನೇ ಚಳಿಗಾಲ, ಎಳ್ಳ ಅಮಾವಾಸ್ಯೆ ಮುಗಿದು ಕೆಲವು ದಿನ ಆಗಿತ್ತು. ಅಮೀನಗಡದ ದಾರಿಯಲ್ಲಿ ಮತ್ತೆ ವೈರಿನ ಕೆಳಗೆ ನಿಂತಿದ್ದೆ. ಆಳೆತ್ತರಕ್ಕಿಂತ ಜಾಸ್ತಿ ಬೆಳೆದ ಜೋಳ, ತೆನೆಯಲ್ಲಿ ಹಾಲು ಕಟ್ಟಿತ್ತು. ಹೊಲದ ನಡುವೆ ಕಾವಲಿನ ಮಂಚಿಕೆ. ಅದರ ಮೇಲೆ ಕವಣೆ ಹಿಡಿದ ಒಬ್ಬ ಹಿರಿಯರು.

‘ತಮ್ಮಾ, ಅಲ್ಲಿ ನಿಂತು ಮುಗಿಲ ಯಾಕ ನೋಡ್ತಿ? ಇಲ್ಲಿ ಮ್ಯಾಲ ಬಾ.’

ನಾನು ಹತ್ತಿದೆ. ನಾಲ್ಕು ಕಂಬ, ಮೇಲೆ ತಡಿಕೆ, ಸುತ್ತ ಒಂದು ಅಡ್ಡಗಳ. ನೆಲದಿಂದ ಹತ್ತಡಿ. ಅಲ್ಲಿಂದ ನೋಡಿದರೆ ಹೊಲದ ರೂಪವೇ ಬೇರೆ. ಪೂರ್ವಕ್ಕೆ ಜೋಳ, ಪಶ್ಚಿಮಕ್ಕೆ ಅವರದೇ ಕಡಲೆ ಹೊಲ, ಹಸಿರು ಕಂಬಳಿ ಹಾಸಿದಂತೆ. ಕಡಲೆಯ ನಡುವೆ ಅಲ್ಲಲ್ಲಿ ಕೋಲು ನೆಟ್ಟು, ಮೇಲೆ ಅಡ್ಡ ಇನ್ನೊಂದು ಕಟ್ಟಿಗೆ ಕಟ್ಟಿದ್ದರು. ಎದೆಯೆತ್ತರ ಇರಬಹುದು.

‘ಅವು ಯಾಕ್ರೀ ಕಾಕಾ?’

‘ಹಕ್ಕಿ ಕುಂದ್ರಾಕ. ಕಡ್ಲಿಗೆ ಕಾಯಿಕೊರಕ ಬೀಳ್ತೈತಲ್ಲ, ಹುಳಾ ಆರಿಸಿ ತಿಂತಾವ. ಎಣ್ಣಿ ಹೊಡಿಯೂದು ಒಂದು ಸರತಿ ಉಳಿತೈತಿ.’

ಕೃಷಿ ಇಲಾಖೆಯವರೂ ಇದನ್ನೇ ಹೇಳುತ್ತಾರೆ. ಆದರೆ ನನಗೆ ಮನಸ್ಸಿನಲ್ಲಿ ಉಳಿದಿದ್ದು ಬೇರೆ. ಪೂರ್ವಕ್ಕೆ ತಿರುಗಿ ಕವಣೆ ಬೀಸಿ ಹಕ್ಕಿ ಓಡಿಸುವ ಮನುಷ್ಯರೇ ಪಶ್ಚಿಮಕ್ಕೆ ಕೋಲು ನೆಟ್ಟು ಹಕ್ಕಿಗೆ ಕೂರಲು ಜಾಗ ಮಾಡಿದ್ದರು. ಜೋಳಕ್ಕೆ ಬರುವುದು ಗುಲಾಬಿ ಕಬ್ಬಕ್ಕಿ. ಮೈ ಗುಲಾಬಿ, ತಲೆ ರೆಕ್ಕೆ ಕಪ್ಪು. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಹಿಂಡು ಹಿಂಡಾಗಿ ಬಂದು ತೆನೆ ಮೇಲೆ ಇಳಿಯುತ್ತವೆ. ಕಡಲೆಗೆ ಬರುವುದು ಕಾಜಾಣ, ಕಳ್ಳಿಪೀರ, ನೀಲಕಂಠ. ಕಾಕಾಗೆ ಯಾವ ಹಕ್ಕಿ ಯಾವ ಹೊಲದ್ದು ಅಂತ ಸ್ಪಷ್ಟ ಇತ್ತು.

ಆಮೇಲೆ ನಾಲ್ಕು ಬೆಳಗು ಆ ಮಂಚಿಕೆಗೆ ಹೋದೆ. ಮೊದಲ ದಿನ ಕ್ಯಾಮೆರಾ ಚೀಲದಿಂದ ತೆಗೆಯಲೇ ಇಲ್ಲ. ಸುಮ್ನೆ ಕೂತು ನೋಡಿದೆ. ನೀಲಕಂಠ ಮೂರು ಕೋಲುಗಳನ್ನು ಬಳಸುತ್ತಿತ್ತು. ಅದರಲ್ಲೂ ಮಂಚಿಕೆಗೆ ಹತ್ತಿರದ್ದು, ಸುಮಾರು 20 ಮೀಟರ್ ದೂರದ್ದು, ಅದಕ್ಕೆ ಇಷ್ಟ. ನನಗೆ ಆಶ್ಚರ್ಯವಾಗಿದ್ದು ಏನೆಂದರೆ, ಕಾಕಾ ‘ಹೋ’ ಅಂತ ಕೂಗಿ ಕವಣೆ ಬೀಸಿದಾಗ ಕಬ್ಬಕ್ಕಿಯ ಹಿಂಡು ಒಮ್ಮೆಗೇ ಏಳುತ್ತಿತ್ತು, ನೀಲಕಂಠ ಮಾತ್ರ ಕದಲುತ್ತಿರಲಿಲ್ಲ. ಆ ಕವಣೆ ತನ್ನ ಕಡೆ ಬರುವುದಿಲ್ಲ ಅಂತ ಅದಕ್ಕೆ ಗೊತ್ತಿತ್ತು. ಅದರ ಪಾಲಿಗೆ ಮಂಚಿಕೆ ಮೇಲಿನ ಮನುಷ್ಯ ಮಂಚಿಕೆಯ ಒಂದು ಕಂಬ ಇದ್ದ ಹಾಗೆ. ನಾನೂ ಒಂದು ಕಂಬ ಆಗಬೇಕಿತ್ತು, ಅಷ್ಟೇ.

ಎರಡನೇ ದಿನ ಲೆನ್ಸ್ ತೆಗೆದೆ. ಮಂಚಿಕೆ ಮೇಲೆ ಟ್ರೈಪಾಡ್ ನಿಲ್ಲುವುದಿಲ್ಲ, ತಡಿಕೆ ಅಲುಗಾಡುತ್ತದೆ. ಅವ್ವ ಹಳೆಯ ಜೀನ್ಸ್ ಪ್ಯಾಂಟಿನಿಂದ ಹೊಲಿದುಕೊಟ್ಟ ಒಂದು ಚೀಲ ಇದೆ, ಅದರ ತುಂಬ ಜೋಳ. ಅದನ್ನು ಅಡ್ಡಗಳದ ಮೇಲೆ ಹಾಕಿ, ನಡುವೆ ಲೆನ್ಸ್ ಒತ್ತಿ ಕೂರಿಸಿದರೆ ಜೋಳ ಸರಿದು ಲೆನ್ಸಿನ ಆಕಾರಕ್ಕೆ ಕೂರುತ್ತದೆ. ಮರಳು ತುಂಬಿದರೆ ಭಾರ, ಥರ್ಮೋಕೋಲ್ ಗುಂಡು ಹಗುರ, ಜೋಳ ಹದ. ಆದರೆ ಕಾಕಾ ಕವಣೆ ಬೀಸಿದಾಗಲೆಲ್ಲ ಇಡೀ ಮಂಚಿಕೆ ನಡುಗುತ್ತಿತ್ತು. ಒಳ್ಳೆಯ ಎರಡು ಅವಕಾಶ ಹಾಗೇ ಮಸುಕಾಗಿ ಹೋದವು. ನಾನು ಏನೂ ಹೇಳಲಿಲ್ಲ. ಹೊಲ ಅವರದು, ಕೆಲಸ ಅವರದು.

ನಾಲ್ಕನೇ ದಿನ, ಸಂಕ್ರಾಂತಿಯ ಮುಂಚಿನ ವಾರ. ಏಳು ಗಂಟೆ ಸುಮಾರಿಗೆ ಸೂರ್ಯ ಜೋಳದ ಹಿಂದಿನಿಂದ ಬಂದ. ಎಂಟರ ಹೊತ್ತಿಗೆ ಬೆಳಕು ಕಡಲೆಯ ಮೇಲೆ ಪೂರ್ತಿ ಬಿತ್ತು. ಗಾಳಿ ಇನ್ನೂ ತಣ್ಣಗಿತ್ತು. ಎರೆಮಣ್ಣು ಕಾದು ಗಾಳಿ ನಡುಗಲು ಇನ್ನೂ ಒಂದೂವರೆ ಗಂಟೆ ಟೈಮ್ ಇತ್ತು. ಅಪರ್ಚರ್ (ಬೆಳಕಿನ ಕಿಂಡಿ) ಎಫ್/6.3, ಶಟರ್ 2500ನೇ ಒಂದು ಸೆಕೆಂಡ್, ಐಎಸ್‌ಒ (ಬೆಳಕಿನ ಸಂವೇದನೆ) 800. ಎಕ್ಸ್‌ಪೋಷರ್, ಅಂದರೆ ಒಟ್ಟು ಬೆಳಕು, ಸ್ವಲ್ಪ ಕೆಳಗೆ. ಇಂಥ ಗಾಢ ಬಣ್ಣದಲ್ಲಿ ಒಂದು ಬಣ್ಣದ ಚಾನೆಲ್ ಮಾತ್ರ ತುಂಬಿ ಹೋಗುತ್ತದೆ. ಒಟ್ಟು ಬೆಳಕಿನ ಗ್ರಾಫ್ ನೋಡಿದರೆ ಎಲ್ಲ ಸರಿ ಅನಿಸುತ್ತದೆ, ಕೆಂಪು, ಹಸಿರು, ನೀಲಿ ಬೇರೆ ಬೇರೆ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಹಾಗೆ ತುಂಬಿ ಹೋದ ಕಡೆ ಗರಿಯ ಎಳೆ ಕಾಣುವುದಿಲ್ಲ, ಬಣ್ಣ ಬಳಿದ ತಗಡಿನ ಹಾಗೆ ಕಾಣುತ್ತದೆ.

ನೀಲಕಂಠ ಹತ್ತಿರದ ಕೋಲಿಗೆ ಬಂದು ಕೂತಿತು. ಗರಿ ಉಬ್ಬಿಸಿತು. ಎಡ ರೆಕ್ಕೆ ಅರ್ಧ ಚಾಚಿ, ಕೊಕ್ಕಿನಿಂದ ಒಂದೊಂದೇ ಗರಿ ಎಳೆದು ಬಿಟ್ಟಿತು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಅಷ್ಟರಲ್ಲಿ ಜೋಳಕ್ಕೆ ಕಬ್ಬಕ್ಕಿ ಇಳಿದವು, ನೂರಾರು. ಕಾಕಾ ಕವಣೆಗೆ ಕಲ್ಲು ಹಾಕಿದವರು ನನ್ನ ಕಡೆ ನೋಡಿದರು. ಕವಣೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡರು.

‘ಬೀಸ್ರಿ ಕಾಕಾ, ಬೆಳಿ ಹೋಗ್ತೈತಿ’ ಅಂದೆ ಮೆಲ್ಲಗೆ.

‘ನೀ ತಗಿ. ಒಂದ್ ಗಳಿಗ್ಯಾಗ ಎಷ್ಟ್ ತಿಂತಾವ?’

ಒಂದು ಗಳಿಗೆ ಅಲ್ಲ, ಹತ್ತು ನಿಮಿಷ ಆಯಿತು. ಹಿಂದೆ ತೆನೆಗಳಲ್ಲಿ ಚಿಲಿಪಿಲಿ ಕಿವಿಗೆ ಬೀಳುತ್ತಲೇ ಇತ್ತು. ಕಾಕಾ ಕದಲಲಿಲ್ಲ.

ನೀಲಕಂಠ ತಲೆ ಒಂದು ಕಡೆ ವಾಲಿಸಿತು. ಮುಂದಕ್ಕೆ ಬಾಗಿತು. ಹಿಕ್ಕೆ ಹಾಕಿತು. ಹಕ್ಕಿ ಹಾರುವ ಮುಂಚೆ ಎಷ್ಟೋ ಸಲ ಹೀಗೆ ಮಾಡುತ್ತದೆ, ನನ್ನ ಬೆರಳು ಆಗಲೇ ಬಟನ್ ಮೇಲೆ ಅರ್ಧ ಒತ್ತಿತ್ತು. ಕೋಲು ಬಿಟ್ಟಿತು. ಬಲಕ್ಕೆ, ಸ್ವಲ್ಪ ನನ್ನ ಕಡೆಗೇ. ಕ್ಯಾಮೆರಾ ಸೆಕೆಂಡಿಗೆ 8 ಫೋಟೊ ತೆಗೆಯುತ್ತದೆ. ಅದು ಕಡಲೆಯೊಳಗೆ ಇಳಿಯುವಷ್ಟರಲ್ಲಿ 14 ಬಂದಿದ್ದವು. ಹಸಿರು ಹುಳ ಕಚ್ಚಿಕೊಂಡು ಮತ್ತೆ ಅದೇ ಕೋಲಿಗೆ ಬಂದು, ಎರಡು ಸಲ ಕಟ್ಟಿಗೆಗೆ ಬಡಿದು ನುಂಗಿತು. ಮತ್ತೆ ಹೆಂಟೆಯ ಹಾಗೆ ಕೂತಿತು.

14ರಲ್ಲಿ ಒಂಬತ್ತನೆಯದು ನನಗೆ ಬೇಕಾಗಿದ್ದ ಫೋಟೊ. ಎರಡೂ ರೆಕ್ಕೆ ಮೇಲಕ್ಕೆ ಪೂರ್ತಿ ಬಿಚ್ಚಿವೆ. ತುದಿಯ ಕಡು ನೀಲಿ, ಅದರ ಪಕ್ಕದ ತಿಳಿ ಪಟ್ಟಿ, ಭುಜದ ಹತ್ತಿರ ಮತ್ತೆ ಕಡು ನೀಲಿ, ಮೂರೂ ಬೇರೆ ಬೇರೆ. ಒಂದು ಗರಿ ಸ್ವಲ್ಪ ಸೀಳಿದೆ, ಅದೂ ಕಾಣುತ್ತದೆ. ಕಣ್ಣು ಚೂಪಾಗಿದೆ, ಅದರೊಳಗೆ ಸೂರ್ಯನ ಚುಕ್ಕೆ. ಹಿಂದೆ ಆಕಾಶವಿಲ್ಲ, ಕಡಲೆಯ ಮಸುಕು ಹಸಿರು. ಹಕ್ಕಿ ನನ್ನನ್ನು ನೋಡುತ್ತಿಲ್ಲ. ಹುಳವನ್ನು ನೋಡುತ್ತಿದೆ.

ಕ್ಯಾಮೆರಾದ ಪರದೆಯಲ್ಲಿ ಕಾಕಾಗೆ ತೋರಿಸಿದೆ. ಅವರು ಮೊದಲು ಎದ್ದು ಕವಣೆ ಬೀಸಿ ಕಬ್ಬಕ್ಕಿಗಳನ್ನು ಎಬ್ಬಿಸಿ, ಆಮೇಲೆ ಕೂತು ನೋಡಿದರು. ‘ಇದರ ಜೋಡಿ ಹಳ್ಳದ ದಂಡ್ಯಾಗ ಐತಿ, ಬನ್ನಿ ಗಿಡದಾಗ. ಬ್ಯಾಸಗಿಗೆ ಎರಡೂ ಮುಗಿಲಾಗ ಲಾಗಾ ಹೊಡಿತಾವ’ ಅಂದರು. ಅದು ನಿಜ. ಬೇಸಿಗೆಯಲ್ಲಿ ಜೋಡಿ ಕಟ್ಟುವ ಹೊತ್ತಿಗೆ ಗಂಡು ಮೇಲಕ್ಕೆ ಹೋಗಿ ಉರುಳುತ್ತ ಇಳಿಯುತ್ತದೆ. ನಾನು ಪುಸ್ತಕದಲ್ಲಿ ಓದಿದ್ದನ್ನು ಅವರು ಬದುವಿನ ಮೇಲೆ ನಿಂತು ನೋಡಿದ್ದರು. ಅವತ್ತು ಅವರ ಮನೆಯಿಂದ ಬಂದ ಬುತ್ತಿಯಲ್ಲಿ ನನಗೂ ರೊಟ್ಟಿ, ಶೇಂಗಾ ಹಿಂಡಿ ಸಿಕ್ಕಿತು. ಹೊಲದಲ್ಲೇ ಸುಟ್ಟು ತಿಕ್ಕಿದ ಸೀತನಿ (ಎಳೆ ಜೋಳ) ಒಂದು ಬೊಗಸೆ. ಅಂಗಡಿ ಹನ್ನೆರಡಕ್ಕೆ ತೆಗೆದೆ.

ಫೋಟೊ ಪ್ರಿಂಟ್ ಹಾಕಿಸಿ ಎರಡು ಪ್ರತಿ ಮಾಡಿಸಿದೆ. ಒಂದು ಅವ್ವನಿಗೆ. ಅಪ್ಪನ ಮಗ್ಗಕ್ಕೆ ನಲವತ್ತು ವರ್ಷ ಕಂಡಿಕೆ ಸುತ್ತಿದವಳು ಅವ್ವ. ನೂಲಿನ ಬಣ್ಣ ಅವಳಿಗೆ ಬೆರಳಿಗೇ ಗೊತ್ತು. ದಸರೆಯ ದಿನ ನೀಲಕಂಠ ಕಂಡರೆ ಚಲೋ ಅಂತ ನಮಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದೂ ಅವಳೇ. ಬನ್ನಿ ಮುಡಿಯಲು ಹೋಗುವಾಗ ನಾವು ಮೇಲೆ ನೋಡಿಕೊಂಡೇ ನಡೆಯುತ್ತಿದ್ದೆವು. ಚಷ್ಮಾ ಹಾಕಿಕೊಂಡು, ಪ್ರಿಂಟನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ರೆಕ್ಕೆಯ ತಿಳಿ ಪಟ್ಟಿಯ ಮೇಲೆ ಬೆರಳಿಟ್ಟಳು.

‘ಈ ನೀಲಿ ನೂಲು ನಾ ಒಂದ್ ಸರತಿನೂ ಸುತ್ತಿಲ್ಲ ನೋಡಪಾ’ ಅಂದಳು.

ಇನ್ನೊಂದು ಪ್ರತಿ ಕಾಕಾಗೆ, ಮೊಮ್ಮಕ್ಕಳಿಗೆ ಅಂತ ಒಂದು ಪೊಟ್ಟಣ ಅಮೀನಗಡ ಕರದಂಟಿನ ಜೊತೆ. ನಾನು ಹೋಗುವಷ್ಟರಲ್ಲಿ ಜೋಳ ಕೊಯ್ದಾಗಿತ್ತು. ಮಂಚಿಕೆ ಬಿಚ್ಚಿ ಗಳಗಳನ್ನು ಬದುವಿಗೆ ಒರಗಿಸಿದ್ದರು. ಕಡಲೆಯೂ ಕಿತ್ತಾಗಿತ್ತು. ಕೋಲುಗಳು ಮಾತ್ರ ಇನ್ನೂ ಇದ್ದವು. ಹಳ್ಳದ ದಂಡೆಯ ಬನ್ನಿ ಮರದ ಪೊಟರೆಯಲ್ಲಿ ಅವು ಗೂಡು ಮಾಡುತ್ತವೆಯಂತೆ. ಮರಿ ಹಾರುವವರೆಗೆ ನಾನು ಆ ಕಡೆ ಹೋಗುವುದಿಲ್ಲ, ಹೇಗಿದ್ದಾವೆ ಅಂತ ಫೋನ್ ಮಾಡಿ ಕೇಳುತ್ತೇನೆ ಅಂದೆ. ಕಾಕಾ ‘ಆತು’ ಅಂದರು.

ಹೊರಡುವಾಗ ನನ್ನ ಜೋಳದ ಚೀಲ ಕೈಗೆ ತಗೊಂಡು ಹಿಚುಕಿ ನೋಡಿದರು. ಮಳೆಗಾಲದ್ದು, ನುಸಿ ಹಿಡಿದಿತ್ತು. ಅಂಗಳದಲ್ಲಿ ಕೂತು ಹೊಲಿಗೆ ಬಿಚ್ಚಿ, ಹಳೆಯದನ್ನು ಕೋಳಿಗಳಿಗೆ ಚೆಲ್ಲಿ, ಹೊಸ ಜೋಳ ಎರಡು ಸೇರು ತುಂಬಿಕೊಟ್ಟರು. ಅವರ ಹೊಲದ್ದೇ. ಹಕ್ಕಿ ತಿಂದು ಉಳಿದದ್ದು. ಮುಂದಿನ ಭಾನುವಾರ ಈ ಚೀಲ ತಗೊಂಡು ಹೆರಕಲ್‌ಗೆ ಹೋಗುತ್ತೇನೆ. ಬೆಳಕು ಹರಿಯುವ ಮುಂಚೆ ದಂಡೆಯಲ್ಲಿ ಕೂರಬೇಕು. ಕೆಸರಿಗೆ ಇಳಿಯುವುದಿಲ್ಲ.